ಆಕ್ಸಲ್ ಬೂಟು ಹರಿದಾಗ

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ತೋಟ ಸುತ್ತಿ ಮನೆಗೆ ಬಂದ ಜೀಪನ್ನು ತೊಳೆಯುತ್ತಿದ್ದಾಗ, ಮುಂಚಕ್ರದ ರಿಮ್ಮಿನ ಒಳಮೈಯಲ್ಲಿ ಒಂದು ಕಪ್ಪು ಪಟ್ಟಿ ಕಂಡಿತು. ಕೆಂಪು ಕೆಸರೆಲ್ಲ ನೀರಿನೊಂದಿಗೆ ಹರಿದುಹೋದರೂ ಆ ಪಟ್ಟಿ ಮಾತ್ರ ಹಾಗೆಯೇ ಉಳಿಯಿತು. ಬೆರಳಿನಿಂದ ಒರೆಸಿ ನೋಡಿದರೆ ಜಿಡ್ಡು. ಆ ಜಿಡ್ಡಿನಲ್ಲಿ ಪೆನ್ಸಿಲ್ಲಿನ ಮೊನೆಯಂಥ ಬೂದುಬಣ್ಣದ ಹೊಳಪು. ಕೆಳಗೆ ಬಗ್ಗಿ ಟಾರ್ಚು ಬಿಟ್ಟಾಗ, ಆಕ್ಸಲ್ಲಿನ ಹೊರತುದಿಯ ಕೀಲನ್ನು ಮುಚ್ಚುವ ರಬ್ಬರ್ ಚೀಲ, ಅಂದರೆ ಬೂಟು, ಎರಡು ಮಡಿಕೆಗಳ ನಡುವೆ ಅರ್ಧ ಸುತ್ತು ಸೀಳಿದ್ದು ಕಾಣಿಸಿತು. ಚಾಲನೆಯಲ್ಲಿ ಅದುವರೆಗೆ ಯಾವ ಸದ್ದೂ ಇರಲಿಲ್ಲ, ಅದುರೂ ಇರಲಿಲ್ಲ. ಈ ಬೂಟಿನ ವಿಷಯದಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿಯೇ ಇದು: ಬೂಟು ಹರಿದ ದಿನಕ್ಕೂ ಕೀಲು ಸದ್ದು ಮಾಡುವ ದಿನಕ್ಕೂ ನಡುವೆ ಸ್ವಲ್ಪ ಕಾಲಾವಕಾಶ ಇರುತ್ತದೆ, ಮತ್ತು ಕೀಲನ್ನು ಉಳಿಸಿಕೊಳ್ಳಲು ಸಾಧ್ಯವಿರುವುದು ಆ ಅವಕಾಶದಲ್ಲಿ ಮಾತ್ರ.

ಬೂಟಿನ ಒಳಗಿರುವುದು ಸಿ.ವಿ. ಜಾಯಿಂಟ್, ಅಂದರೆ ಸಮವೇಗದ ಕೀಲು. ಮುಂಚಕ್ರ ಎಡಬಲಕ್ಕೆ ಹೊರಳಬೇಕು, ಹೊಂಡದಲ್ಲಿ ಏರಿಳಿಯಬೇಕು, ಅದರ ಜೊತೆಗೆ ಎಂಜಿನ್ನಿನ ಬಲವನ್ನೂ ಪಡೆಯಬೇಕು. ಗಾಡಿಯ ಅಡಿಯಲ್ಲಿ ಬಲವನ್ನು ಒಯ್ಯುವ ಉದ್ದ ದಂಡದಲ್ಲಿ, ಅಂದರೆ ಪ್ರೊಪೆಲ್ಲರ್ ಶಾಫ್ಟಿನಲ್ಲಿ, ನಾವು ನೋಡುವ ಶಿಲುಬೆಯಾಕಾರದ ಹಳೆಯ ಕೀಲು ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದನ್ನು 30 ಡಿಗ್ರಿ ಬಗ್ಗಿಸಿ ತಿರುಗಿಸಿದರೆ, ಒಳಬರುವ ವೇಗ ಒಂದೇ ಸಮನಾಗಿದ್ದರೂ ಹೊರಹೋಗುವ ವೇಗ ಅದರ 0.87 ಪಟ್ಟಿನಿಂದ 1.15 ಪಟ್ಟಿನವರೆಗೆ, ಪ್ರತಿ ಸುತ್ತಿನಲ್ಲೂ ಎರಡು ಬಾರಿ, ಏರಿಳಿಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಎರಡು ತುದಿಗೆ ಎರಡು ಕೀಲುಗಳಿದ್ದು, ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಎಡಬಲಕ್ಕೆ ಹೊರಳುವ ಮುಂಚಕ್ರದ ಬಳಿ ಅಂಥ ಅನುಕೂಲವಿಲ್ಲ. ಆಲ್ಫ್ರೆಡ್ ಜೆಪ್ಪಾ ಎಂಬ ಎಂಜಿನಿಯರ್ 1926ರಲ್ಲಿ ರೂಪಿಸಿದ ಕೀಲು ಇದಕ್ಕೆ ಉತ್ತರವಾಯಿತು. ಬಟ್ಟಲಿನಂಥ ಹೊರಭಾಗದ ಒಳಗೋಡೆಯಲ್ಲಿ ಆರು ಬಾಗಿದ ತೋಡುಗಳು, ಒಳಗಿನ ತುಂಡಿನ ಮೈಮೇಲೆ ಅದಕ್ಕೆ ಎದುರಾಗಿ ಆರು ತೋಡುಗಳು, ಅವುಗಳ ನಡುವೆ ಆರು ಉಕ್ಕಿನ ಗುಂಡುಗಳು, ಮತ್ತು ಆ ಗುಂಡುಗಳನ್ನು ಹಿಡಿದಿಡುವ ಒಂದು ಪಂಜರ. ಕೀಲು ಎಷ್ಟೇ ಬಗ್ಗಲಿ, ಆರೂ ಗುಂಡುಗಳು ಎರಡು ಶಾಫ್ಟುಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧಕ್ಕೆ ಸೀಳುವ ಸಮತಲದಲ್ಲಿಯೇ ನಿಲ್ಲುತ್ತವೆ. ಎರಡೂ ಕಡೆಯಿಂದ ನೋಡಿದರೆ ಚಿತ್ರ ಒಂದೇ ಆಗಿರುವುದರಿಂದ ಎರಡೂ ಕಡೆಯ ವೇಗವೂ ಒಂದೇ ಆಗಿರುತ್ತದೆ. ಇಷ್ಟು ಸರಳವಾದ ಸಮ್ಮಿತಿಯಿಂದ ಇಷ್ಟು ದೊಡ್ಡ ತೊಡಕು ಬಗೆಹರಿದದ್ದನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರಿನ ಮುಂಚಕ್ರಗಳಲ್ಲಿ ಇದ್ದದ್ದೂ ಈ ಬಗೆಯ ಕೀಲೇ.

ಆದರೆ ಗುಂಡು ತೋಡನ್ನು ಮುಟ್ಟುವ ಜಾಗ ಬಹಳ ಚಿಕ್ಕದು. ಕಡಿದಾದ ಕಾಡುದಾರಿಯಲ್ಲಿ ವೇಗ ತಗ್ಗಿಸಿ ಬಲ ಹೆಚ್ಚಿಸುವ ಲೋ ರೇಂಜಿನ ಮೊದಲ ಗೇರು ಹಾಕಿದಾಗ, ಗೇರುಪೆಟ್ಟಿಗೆಯಲ್ಲಿ 4 ಪಟ್ಟು, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ 2.5 ಪಟ್ಟು, ಎಡಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲಿನಲ್ಲಿ ಮತ್ತೆ 4 ಪಟ್ಟು ಎಂದು ಹಿಡಿದರೆ, ಎಂಜಿನ್ನಿನ ತಿರುಚುಬಲ 40 ಪಟ್ಟಾಗಿ ಆಕ್ಸಲ್ಲುಗಳಿಗೆ ಹಂಚಿಕೆಯಾಗುತ್ತದೆ. ಅಂಥ ಹೊತ್ತಿನಲ್ಲಿ ಗುಂಡಿನ ಸ್ಪರ್ಶಬಿಂದುವಿನಲ್ಲಿ ವಾತಾವರಣದ ಒತ್ತಡದ ಹತ್ತು ಸಾವಿರ ಪಟ್ಟಿಗೂ ಹೆಚ್ಚಿನ ಒತ್ತಡ ಉಂಟಾಗುತ್ತದೆ. ಸಾಮಾನ್ಯ ಎಣ್ಣೆ ಅಲ್ಲಿಂದ ಹಿಂಡಿಹೋಗುತ್ತದೆ. ಆದ್ದರಿಂದಲೇ ಇಲ್ಲಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆಸಿದ ಕಪ್ಪು ಗ್ರೀಸ್ ಬೇಕು. ಆ ವಸ್ತುವಿನ ಹರಳುಗಳು ಪದರಪದರವಾಗಿದ್ದು, ಇಸ್ಪೀಟಿನ ಎಲೆಗಳಂತೆ ಒಂದರ ಮೇಲೊಂದು ಜಾರುತ್ತವೆ, ಆದರೆ ಒತ್ತಡಕ್ಕೆ ಜಾಗ ಬಿಟ್ಟು ಹೋಗುವುದಿಲ್ಲ. ರಿಮ್ಮಿನ ಮೇಲೆ ಕಂಡ ಬೂದುಹೊಳಪು ಇದರದೇ.

ಈ ಗ್ರೀಸನ್ನು ಒಳಗೆ, ಕೆಸರನ್ನು ಹೊರಗೆ ಇಡುವುದು ಕೆಲವೇ ಮಿಲಿಮೀಟರ್ ದಪ್ಪದ ರಬ್ಬರು. ಅದರ ದುಡಿಮೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಕೀಲು ಬಗ್ಗಿರುವಾಗ ಬೂಟಿನ ಪ್ರತಿಯೊಂದು ಮಡಿಕೆಯೂ ಚಕ್ರದ ಒಂದು ಸುತ್ತಿಗೆ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಟೈರಿನ ವ್ಯಾಸ 73 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಸುತ್ತಳತೆ ಸುಮಾರು 2.3 ಮೀಟರ್, 50,000 ಕಿಲೋಮೀಟರ್ ಓಡುವಷ್ಟರಲ್ಲಿ ಒಂದೊಂದು ಮಡಿಕೆಯೂ ಎರಡು ಕೋಟಿಗೂ ಹೆಚ್ಚು ಬಾರಿ ಬಿಚ್ಚಿ ಮುಚ್ಚಿರುತ್ತದೆ. ಇದರ ಜೊತೆಗೆ ಗಾಳಿಯಲ್ಲಿರುವ ಓಝೋನ್ ರಬ್ಬರಿನ ಅಣುಸರಪಳಿಗಳನ್ನು ಕಡಿಯುತ್ತದೆ, ಅದೂ ಹಿಗ್ಗಿರುವ ಜಾಗದಲ್ಲಿಯೇ ಹೆಚ್ಚಾಗಿ. ಹಳೆಯ ಬೂಟಿನ ಮಡಿಕೆಯ ತಳವನ್ನು ಹೆಬ್ಬೆರಳಿನಿಂದ ಅಗಲಿಸಿದರೆ ಕಾಣುವ ಸಣ್ಣ ಬಿರುಕುಗಳು ಎಳೆತಕ್ಕೆ ಅಡ್ಡಡ್ಡವಾಗಿ ಇರುವುದು ಇದರಿಂದಲೇ. ಕೊಡಗಿನಲ್ಲಿ ಇನ್ನೂ ಕಾರಣಗಳಿವೆ: ಕಾಫಿ ಗಿಡ ಸವರಿ ದಾರಿಗೆ ಬಿಸಾಡಿದ ಕೊಂಬೆಗಳು, ಗಾಳಿಗೆ ಮುರಿದು ಬಿದ್ದ ಸಿಲ್ವರ್ ಓಕಿನ ಒಣರೆಂಬೆಗಳು, ಕೊರಕಲಿನಲ್ಲಿ ಎದ್ದು ನಿಂತ ಚೂಪುಗಲ್ಲುಗಳು. ಗಾಡಿಯ ಎತ್ತರ ಹೆಚ್ಚಿಸಿಕೊಂಡವರ ಆಕ್ಸಲ್ಲು ನೇರ ರಸ್ತೆಯಲ್ಲಿಯೂ ಬಗ್ಗಿಯೇ ಇರುವುದರಿಂದ, ಮಡಿಕೆಗಳು ಒಂದಕ್ಕೊಂದು ಉಜ್ಜಿ ಬೇಗ ಸವೆಯುತ್ತವೆ. ವಿಲ್ಲಿಸ್ ಕಂಪನಿಯ ಕಾಲದ ಹಳೆಯ ಜೀಪಿನ ವಿನ್ಯಾಸದಲ್ಲಿ ಈ ಕೀಲು ಉಕ್ಕಿನ ಗೋಳದೊಳಗೆ ಇರುತ್ತಿತ್ತು, ರೆಂಬೆಗೆ ಹರಿಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮುಂಚಕ್ರಗಳು ಪ್ರತ್ಯೇಕವಾಗಿ ಏರಿಳಿಯುವ ಈಗಿನ ಗಾಡಿಗಳಲ್ಲಿ ಅದು ಸಾಧ್ಯವಿಲ್ಲ.

ಬೂಟು ಸೀಳಿತೆಂದರೆ, ಚಕ್ರದ ತಿರುಗಾಟಕ್ಕೆ ಗ್ರೀಸ್ ಹೊರಗೆ ಸಿಡಿಯುತ್ತದೆ. ಮಡಿಕೆ ಹಿಗ್ಗಿದಾಗಲೆಲ್ಲ ಸೀಳು ಬಾಯಿ ತೆರೆದು ಕೆಸರುನೀರನ್ನು ಒಳಗೆಳೆಯುತ್ತದೆ. ನಮ್ಮ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳ ಗಡಸುತನ ಮೋಸ್ ಮಾಪಕದಲ್ಲಿ 7. ಹದಗೊಳಿಸಿದ ಉಕ್ಕನ್ನೂ ಅದು ಗೀರಬಲ್ಲದು. ಉಳಿದ ಗ್ರೀಸಿನಲ್ಲಿ ಈ ಕಣಗಳು ಸೇರಿದರೆ ಅದು ಸಾಣೆಯ ಲೇಪವಾಗುತ್ತದೆ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲಷ್ಟೇ ಓಡುವ ಗಾಡಿಗೆ ಸಿಗುವ ಅವಕಾಶ, ಭಾಗಮಂಡಲದ ಮಳೆಯಲ್ಲಿ ಹಳ್ಳ ದಾಟುವ ಗಾಡಿಗೆ ಸಿಗುವುದಿಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಎಂಬ ಸದ್ದು ಬರತೊಡಗಿದರೆ ಹೊರಕೀಲಿನ ತೋಡುಗಳಲ್ಲಿ ಗುಳಿ ಬಿದ್ದಿದೆ ಎಂದರ್ಥ. ಆಮೇಲೆ ಹೊಸ ಬೂಟು ಹಾಕುವುದು ವ್ಯರ್ಥ, ಕೀಲನ್ನೇ ಬದಲಿಸಬೇಕು.

ಬದಲಾಯಿಸುವ ಕೆಲಸಕ್ಕೆ ಮೊದಲು ಬೇಕಾಗುವುದು ಸಮತಟ್ಟಾದ ಗಟ್ಟಿ ನೆಲ. ಕಾಫಿ ಒಣಗಿಸುವ ಸಿಮೆಂಟು ಕಣ ಇದಕ್ಕೆ ಬಹಳ ಒಳ್ಳೆಯದು. ಮಳೆಗೆ ನೆಂದ ಮಣ್ಣಿನಂಗಳದಲ್ಲಿ ಜ್ಯಾಕು ಹೂತುಹೋಗುತ್ತದೆ. ಚಕ್ರ ನೆಲದ ಮೇಲಿರುವಾಗಲೇ ಅದರ ನಡುವಿನ ಹಬ್ಬಿನ ದೊಡ್ಡ ನಟ್ಟನ್ನು ಸಡಿಲಿಸಿ, ಹಿಂಚಕ್ರಗಳಿಗೆ ಅಡೆ ಕೊಟ್ಟು, ಗಾಡಿಯನ್ನೆತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು. ಬ್ರೇಕ್ ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ತೂಗುಹಾಕಬೇಕೇ ಹೊರತು ಅದರ ಭಾರ ಹೋಸಿನ ಮೇಲೆ ಬೀಳಬಾರದು. ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊತ್ತಿರುವ ಸ್ಟೀರಿಂಗ್ ನಕಲ್ ಎಂಬ ತುಂಡನ್ನು ಹೊರಗೆ ವಾಲಿಸಿದರೆ ಆಕ್ಸಲ್ಲಿನ ತುದಿ ಹಬ್ಬಿನಿಂದ ಹೊರಬರುತ್ತದೆ. ಆಕ್ಸಲ್ಲು ಕಳಚಿರುವಾಗ ಗಾಡಿಯ ಭಾರವನ್ನು ಆ ಚಕ್ರದ ಮೇಲೆ ಬಿಟ್ಟರೆ ಬೇರಿಂಗ್ ಕೆಡುತ್ತದೆ.

ಹರಿದ ಬೂಟನ್ನು ಕತ್ತರಿಸಿ ತೆಗೆದ ಮೇಲೆ ಕೀಲನ್ನು ಶಾಫ್ಟಿನಿಂದ ಬಿಡಿಸಬೇಕು. ಹಲವು ಗಾಡಿಗಳಲ್ಲಿ ಒಳಗಿನ ತುಂಡಿಗೆ ಹಿತ್ತಾಳೆಯ ಸರಳಿಟ್ಟು ಒಂದು ಗಟ್ಟಿ ಪೆಟ್ಟು ಕೊಟ್ಟರೆ ಅದನ್ನು ಹಿಡಿದಿಟ್ಟ ಸರ್ಕ್ಲಿಪ್ ಎಂಬ ಉಂಗುರ ಕುಗ್ಗಿ ಕೀಲು ಕಳಚುತ್ತದೆ. ಕೆಲವುಗಳಲ್ಲಿ ಹೊರಕೀಲು ಬಿಚ್ಚುವಂಥದ್ದಲ್ಲ, ಬೂಟನ್ನು ಒಳತುದಿಯಿಂದ ಏರಿಸಬೇಕು. ಬಿಚ್ಚಿದ ಕೀಲನ್ನು ಸೀಮೆಎಣ್ಣೆಯಲ್ಲಿ ತೊಳೆಯುವಾಗ ಅವಸರ ಸಲ್ಲದು. ಒಳಗಿನ ತುಂಡನ್ನು ಒಂದು ಬದಿಗೆ ಪೂರ್ತಿ ವಾಲಿಸಿದರೆ ಎದುರು ಬದಿಯ ಗುಂಡು ಪಂಜರದ ಕಿಟಕಿಯಲ್ಲಿ ಮೇಲೆದ್ದು ಬರುತ್ತದೆ. ಹೀಗೆ ಆರನ್ನೂ ಒಂದೊಂದಾಗಿ ನೋಡಬೇಕು. ಹೊರತೆಗೆದ ಗುಂಡನ್ನು ಅದೇ ಕಿಟಕಿಗೆ ಹಿಂತಿರುಗಿಸಬೇಕು, ಏಕೆಂದರೆ ಪ್ರತಿ ಗುಂಡೂ ತನ್ನ ತೋಡಿನೊಂದಿಗೆ ಹೊಂದಿಕೊಂಡು ಸವೆದಿರುತ್ತದೆ. ಕನ್ನಡಿಯಂಥ ಹೊಳಪಿದ್ದರೆ ಕೀಲು ಉಳಿದಿದೆ. ಉಗುರು ಎಳೆದಾಗ ತಡೆಯುವ ಗುಳಿಯೋ ಪಂಜರದ ಮೂಲೆಯಲ್ಲಿ ಬಿರುಕೋ ಇದ್ದರೆ ಇಲ್ಲ. ಸೀಮೆಎಣ್ಣೆ ಪೂರ್ತಿ ಆರದಿದ್ದರೆ ಅದು ಹೊಸ ಗ್ರೀಸನ್ನು ತೆಳುವಾಗಿಸುತ್ತದೆ.

ಮತ್ತೆ ಜೋಡಿಸುವಾಗ ಬೂಟಿನ ಚಿಕ್ಕ ಬಾಯಿಯನ್ನು ಬಿಗಿಯುವ ಪಟ್ಟಿ ಮತ್ತು ಬೂಟು ಮೊದಲು ಶಾಫ್ಟಿಗೆ ಏರಬೇಕು, ಕೀಲು ಆಮೇಲೆ. ಸರ್ಕ್ಲಿಪ್ ಹೊಸದೇ ಆಗಬೇಕು. ಕಿಟ್ಟಿನಲ್ಲಿ ಬಂದ ಗ್ರೀಸನ್ನು ಪಂಜರದ ಸಂದುಗಳಿಂದ ಉಕ್ಕಿ ಬರುವಂತೆ ಒತ್ತಿ ತುಂಬಿ, ಉಳಿದದ್ದನ್ನು ಬೂಟಿನೊಳಗೆ ಹಾಕಬೇಕು. ಇನ್ನು ಗಾಳಿಯ ವಿಚಾರ. ಬೂಟಿನ ಚಿಕ್ಕ ಬಾಯಿಯ ಅಂಚಿನಡಿ ಮೊಂಡು ಕಡ್ಡಿಯೊಂದನ್ನು ತೂರಿಸಿ ಒಳಗಿನ ಗಾಳಿಯನ್ನು ಹೊರಗಿನ ಒತ್ತಡಕ್ಕೆ ಸಮಮಾಡಿದ ನಂತರವೇ ಪಟ್ಟಿ ಬಿಗಿಯಬೇಕು. ಇಲ್ಲವಾದರೆ ಬೂಟು ಊದಿಕೊಂಡು ಅಥವಾ ಸೊಟ್ಟಗೆ ಒಳಸರಿದು ಮಡಿಕೆಗಳು ಉಜ್ಜುತ್ತವೆ. ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಎಂಟನೇ ಒಂದು ಪಾಲು ಕಡಿಮೆ. ಇಲ್ಲಿ ಮುಚ್ಚಿದ ಬೂಟು ಸಂಪಾಜೆ ಘಾಟಿ ಇಳಿದು ಮಂಗಳೂರು ಮುಟ್ಟುವಾಗ ತುಸು ಒಳಕ್ಕೆ ಕುಗ್ಗುವುದು ಸಹಜ. ಮೊದಲೇ ಕುಗ್ಗಿಸಿ ಮುಚ್ಚಿದ್ದರೆ ಆ ತುಸುವೇ ಹೆಚ್ಚಾಗುತ್ತದೆ. ಕಿವಿಯಂಥ ಉಬ್ಬನ್ನು ಹಿಂಡಿ ಬಿಗಿಯುವ ಉಕ್ಕಿನ ಪಟ್ಟಿಯ ಬದಲು ಪ್ಲಾಸ್ಟಿಕ್ ಟೈ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಅಂಟು ಹಾಕಿ ಕೂಡಿಸುವ ಸೀಳುಬೂಟು ಪೇಟೆಯವರೆಗೆ ಗಾಡಿ ತಲುಪಿಸಲು ಸಾಕು, ತೋಟದ ದಾರಿಗೆ ಸಾಲದು.

ಹೊಸ ಹಬ್ ನಟ್ಟನ್ನು ಚಕ್ರ ನೆಲಕ್ಕಿಳಿದ ಮೇಲೆ, ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ನಂತರ ಕಣದಲ್ಲಿಯೇ ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ ಎರಡು ಸುತ್ತು, ಬಲಕ್ಕೆ ಎರಡು ಸುತ್ತು, ಗಾಜು ಇಳಿಸಿ ನಿಧಾನವಾಗಿ ಓಡಿಸಿ ಕಿವಿಗೊಡಬೇಕು. ನನ್ನ ಜೀಪು ಅಂದು ಸದ್ದಿಲ್ಲದೆ ತಿರುಗಿತು. ಆಚೆ ಬದಿಯ ಬೂಟಿನ ಮಡಿಕೆಗಳಲ್ಲಿಯೂ ಸಣ್ಣ ಬಿರುಕುಗಳು ಕಂಡಿದ್ದರಿಂದ, ಅದಕ್ಕೂ ಒಂದು ಕಿಟ್ ತರಲು ಮರುದಿನವೇ ಗೋಣಿಕೊಪ್ಪಕ್ಕೆ ಹೋದೆ.