ಮಸೂದೆ ಪಾಸಾಯ್ತು ಅಂತಾರೆ, ಪಂಚಾಯಿತಿಯಲ್ಲಿ ‘ಆದೇಶ ಬಂದಿಲ್ಲ’ ಅಂತಾರೆ. ಯಾವುದು ನಿಜ?

ಓದುಗರ ಪ್ರಶ್ನೆ: ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಒಂದು ಗ್ರಾಮ. ಪಂಚಾಯಿತಿಗೆ ಸಂಬಂಧಪಟ್ಟ ಹೊಸ ಕಾನೂನು ಅಧಿವೇಶನದಲ್ಲಿ ಪಾಸಾಯ್ತು ಅಂತ ಟಿವಿಯಲ್ಲಿ ಬರುತ್ತದೆ. ಮರುದಿನ ಪಂಚಾಯಿತಿಗೆ ಹೋದರೆ ಪಿಡಿಒ ‘ನಮಗಿನ್ನೂ ಆದೇಶ ಬಂದಿಲ್ಲ’ ಅಂತಾರೆ. ಯಾರನ್ನು ನಂಬಬೇಕು? ಹೊಸ ಕಾನೂನು ಬಂದರೆ ನಮ್ಮ ಪಂಚಾಯಿತಿಗೆ ನಿಜವಾಗಿ ಏನಾಗುತ್ತದೆ?

ಇಬ್ಬರು ಹೇಳುವುದೂ ನಿಜ. ಅಧಿವೇಶನದಲ್ಲಿ ಪಾಸಾಗುವುದು ಮಸೂದೆ. ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಒಪ್ಪಿ, ರಾಜ್ಯಪಾಲರು ಅಂಕಿತ ಹಾಕಿ, ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ಅದು ಕಾಯ್ದೆ. ಅಲ್ಲಿಗೂ ಮುಗಿಯುವುದಿಲ್ಲ. ಕಾಯ್ದೆಯಲ್ಲಿ ‘ನಿಯಮಿಸಬಹುದಾದ ರೀತಿಯಲ್ಲಿ’ ಅಂತ ಇದ್ದ ಕಡೆಯೆಲ್ಲ ಸರ್ಕಾರ ನಿಯಮ ಬರೆಯಬೇಕು. ಎಷ್ಟು ಶುಲ್ಕ, ಯಾವ ನಮೂನೆ, ಯಾರ ಸಹಿ, ಎಷ್ಟು ದಿನದೊಳಗೆ ಅನ್ನುವುದೆಲ್ಲ ಇರುವುದು ಈ ನಿಯಮದಲ್ಲಿ. ಆಮೇಲೆ ಸುತ್ತೋಲೆ, ಆಮೇಲೆ ಕಂಪ್ಯೂಟರಿನಲ್ಲಿ ತಂತ್ರಾಂಶ. ಪಿಡಿಒ ಕಾಯುತ್ತಿರುವುದು ಈ ಕೊನೆಯ ಭಾಗಕ್ಕೆ. ತಂತ್ರಾಂಶದಲ್ಲಿ ಆಯ್ಕೆಯೇ ತೆರೆಯದಿದ್ದರೆ ಅವರು ಬಯಸಿದರೂ ಏನೂ ಕೊಡಲಾಗದು.

ಇ–ಸ್ವತ್ತಿನ, ಅಂದರೆ ಪಂಚಾಯಿತಿ ಕಂಪ್ಯೂಟರಿನಲ್ಲಿ ಕೊಡುವ ಆಸ್ತಿ ದಾಖಲೆಯ, ವಿಷಯದಲ್ಲಿ ಆದದ್ದು ಇದೇ. ಅನುಮತಿ ಇಲ್ಲದೆ ಕಟ್ಟಿದ ಮನೆ, ಭೂಪರಿವರ್ತನೆ ಆಗದ ಜಾಗದ ಮನೆಗಳನ್ನೂ ತೆರಿಗೆ ಲೆಕ್ಕಕ್ಕೆ ತರಲು 2025ರಲ್ಲಿ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ಬಂತು. ನಿಯಮ ಬಂದದ್ದು ತಿಂಗಳುಗಳ ನಂತರ. ನಡುವಿನ ಆ ಸಮಯದಲ್ಲಿ ಜನ ಪಂಚಾಯಿತಿಗೆ ಅಲೆದದ್ದೇ ಬಂತು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಇಂಥ ಮನೆಗಳಿಗೆ ಕೊಡುವ ನಮೂನೆ 11ಬಿ ಕೈಗೆ ಬಂದರೆ ಮನೆ ಸಕ್ರಮವಾಯಿತು ಅಂತ ಅಲ್ಲ. ಅದು ತೆರಿಗೆ ಕಟ್ಟಲು ಇರುವ ದಾಖಲೆ, ಅಷ್ಟೇ. ಪೈಸಾರಿ, ಅಂದರೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರ ದಾರಿಯೇ ಬೇರೆ. ಅದು ಕಂದಾಯ ಇಲಾಖೆಯ 94ಸಿ ಅರ್ಜಿ, ತಾಲ್ಲೂಕು ಕಚೇರಿಯ ಕೆಲಸ. ‘ದುಡ್ಡು ಕೊಟ್ಟರೆ 11ಬಿ ಮಾಡಿಸಿ ಮನೆ ಸಕ್ರಮ ಮಾಡಿಸುತ್ತೇನೆ’ ಅನ್ನುವವರನ್ನು ದಯವಿಟ್ಟು ನಂಬಬೇಡಿ.

ಮಸೂದೆಗೂ ಕಾಯ್ದೆಗೂ ಎಷ್ಟು ಅಂತರ ಇರಬಹುದು ಅನ್ನುವುದು ಕೊಡಗಿನವರಿಗೆ ಹೊಸದಲ್ಲ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಹಕ್ಕಿಗಾಗಿ ಭೂ ಕಂದಾಯ ಕಾಯ್ದೆಗೆ ತಂದ 2011ರ ತಿದ್ದುಪಡಿ ಮಸೂದೆಗೆ ಅಂಕಿತ ಸಿಕ್ಕಿ ಅದು ಕಾಯ್ದೆಯಾದದ್ದು 2013ರಲ್ಲಿ. ಅದಾದ ಮೇಲೂ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಖಾತೆ ಬದಲಾವಣೆ), ಪಾಲು ಅಂತ ಹೋದವರ ಕಷ್ಟ ತಟ್ಟನೆ ತಪ್ಪಲಿಲ್ಲ.

ಈಗ ಪ್ರಶ್ನೆಯ ಎರಡನೇ ಭಾಗಕ್ಕೆ ಬರೋಣ. ಹೊಸ ಕಾನೂನಿನಿಂದ ಪಂಚಾಯಿತಿಗೆ ಏನಾಗುತ್ತದೆ?

ಮೊದಲು ಒಂದು ಧೈರ್ಯದ ಮಾತು. ಆರಿಸಿ ಬಂದ ಪಂಚಾಯಿತಿಯನ್ನು ಅವಧಿಯ ಮಧ್ಯದಲ್ಲಿ ಬರೀ ಕಾಯ್ದೆ ತಿದ್ದಿ ವಿಸರ್ಜನೆ ಮಾಡುವ ಹಾಗಿಲ್ಲ. ಸಂವಿಧಾನದ 243ಇ ವಿಧಿಯಲ್ಲೇ ಹಾಗೆ ಬರೆದಿದೆ. 1993ರ ಏಪ್ರಿಲ್ 24ರಂದು ಜಾರಿಯಾದ 73ನೇ ತಿದ್ದುಪಡಿ ಕೊಟ್ಟ ರಕ್ಷಣೆ ಅದು. ಐದು ವರ್ಷ ಮುಗಿಯುವ ಮೊದಲೇ ಮುಂದಿನ ಚುನಾವಣೆ ಆಗಬೇಕು ಅಂತಲೂ ಅದೇ ವಿಧಿ ಹೇಳುತ್ತದೆ. ಆದರೆ ಯಾವ ಅಧಿಕಾರ, ಎಷ್ಟು ಹಣ ಅನ್ನುವುದನ್ನು ಸಂವಿಧಾನ ರಾಜ್ಯಕ್ಕೆ ಬಿಟ್ಟಿದೆ. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿ ಇದೆ. ಅವನ್ನು ಪಂಚಾಯಿತಿಗೆ ಕೊಡ‘ಬಹುದು’ ಅಂತ ಇದೆ, ಕೊಡಲೇಬೇಕು ಅಂತ ಇಲ್ಲ.

ಹಾಗಾಗಿ ಸಣ್ಣ ತಿದ್ದುಪಡಿಯೂ ದೊಡ್ಡ ಬದಲಾವಣೆ ತರಬಹುದು. ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿಯನ್ನೇ ನೋಡಿ. 2015ರ ತಿದ್ದುಪಡಿಯಲ್ಲಿ ಅದು ಐದು ವರ್ಷ ಆಯಿತು. 2020ರಲ್ಲಿ ಮತ್ತೆ 30 ತಿಂಗಳಿಗೆ ಇಳಿಯಿತು. ಅಂದರೆ ಮೊದಲ ಸಲ ಗೆದ್ದು ಬಂದ ಹೆಣ್ಣುಮಗಳೊಬ್ಬಳು ಕ್ರಿಯಾ ಯೋಜನೆ, ಬಿಲ್ಲು, ಆಡಿಟ್ ಎಲ್ಲ ಕಲಿತು ಕೆಲಸಕ್ಕೆ ಕೈ ಹಾಕುವ ಹೊತ್ತಿಗೆ ಮೀಸಲಾತಿ ಬದಲಾಗಿ ಕುರ್ಚಿ ಬಿಡಬೇಕು. ನನ್ನ ಪ್ರಕಾರ ಅದು ಹಿಂದಕ್ಕೆ ಇಟ್ಟ ಹೆಜ್ಜೆ.

ಅದಕ್ಕಿಂತ ಹೆಚ್ಚು ನೋವಿನ ವಿಷಯ ಜಿಲ್ಲಾ ಪಂಚಾಯಿತಿಯದು. 2016ರಲ್ಲಿ ಆರಿಸಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆ, ಮೀಸಲಾತಿ ನಿಗದಿಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಸೀಮಾ ನಿರ್ಣಯ ಆಯೋಗಕ್ಕೆ ಕೊಡುವ ತಿದ್ದುಪಡಿ ಬಂತು. ಆಮೇಲೆ ಕೋರ್ಟು, ಗಡುವು, ಮತ್ತೆ ಗಡುವು. ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮಡಿಕೇರಿಯ ಜಿಲ್ಲಾ ಪಂಚಾಯಿತಿಯಲ್ಲಿ ಆರಿಸಿ ಬಂದ ಸದಸ್ಯರ ಬದಲು ಆಡಳಿತಾಧಿಕಾರಿ ಕುಳಿತರು. ಮಳೆಗೆ ಸೇತುವೆ ಕೊಚ್ಚಿಹೋದ ಊರಿನವರು ‘ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು’ ಅಂತ ಹೋಗಿ ಕೇಳಲು ಯಾರೂ ಇಲ್ಲದ ಹಾಗಾಯಿತು. ಪಂಚಾಯಿತಿಯನ್ನು ರದ್ದು ಮಾಡಲಿಲ್ಲ, ಆದರೆ ಅದು ಖಾಲಿಯಾಯಿತು. ಯಾವುದೇ ಮಸೂದೆ ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ: ಯಾವ ಕೆಲಸವನ್ನು ಯಾರ ಕೈಯಿಂದ ತೆಗೆದು ಯಾರ ಕೈಗೆ ಕೊಡುತ್ತಿದ್ದಾರೆ?

ಊರು ಪಟ್ಟಣಕ್ಕೆ ಸೇರಿದರೆ ಕಾಯ್ದೆಯೇ ಬದಲಾಗುತ್ತದೆ. ಕುಶಾಲನಗರ ಪುರಸಭೆಯಾದಾಗ ಪಕ್ಕದ ಮುಳ್ಳುಸೋಗೆ ಗ್ರಾಮ ಪಂಚಾಯಿತಿ ಅದರಲ್ಲಿ ಸೇರಿತು. ಹಾಗೆ ಸೇರಿದ ಕಡೆ 1964ರ ಪೌರಸಭೆಗಳ ಕಾಯ್ದೆ ಅನ್ವಯವಾಗುತ್ತದೆ. ತೆರಿಗೆ ಲೆಕ್ಕ ಬೇರೆ, ಉದ್ಯೋಗ ಖಾತರಿ ಕೆಲಸವೂ ಸಿಗುವುದಿಲ್ಲ.

ಉದ್ಯೋಗ ಖಾತರಿಯ ಮಾತು ಬಂತಲ್ಲ, ಸ್ವಲ್ಪ ಅದರ ಬಗ್ಗೆ ಹೇಳಲೇಬೇಕು. ಪಂಚಾಯಿತಿ ರಾಜ್ಯದ ವಿಷಯವಾದರೂ ಕೆಲಸಕ್ಕೆ ಬರುವ ದೊಡ್ಡ ಹಣ ಕೇಂದ್ರದ ಕಾನೂನಿನಿಂದ. 2005ರ ನರೇಗಾ ಕಾಯ್ದೆಯ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಪಾಸು ಮಾಡಿತು. ಪತ್ರಿಕೆಗಳಲ್ಲಿ ವಿಬಿ–ಜಿ ರಾಮ್ ಜಿ ಅಂತ ಬರುವುದು ಅದೇ. 100 ದಿನದ ಬದಲು 125 ದಿನ ಕೆಲಸ ಅನ್ನುತ್ತದೆ. ಆದರೆ ಮೊದಲು ಕೂಲಿಯ ಪೂರ್ತಿ ಹಣ ಕೇಂದ್ರದ್ದಾಗಿತ್ತು. ಈಗ ಕರ್ನಾಟಕದಂಥ ರಾಜ್ಯ ಖರ್ಚಿನಲ್ಲಿ ನೂರಕ್ಕೆ 40 ಪಾಲು ಹಾಕಬೇಕು. ಯಾವ ರಾಜ್ಯಕ್ಕೆ ಎಷ್ಟು ಹಣ ಅಂತ ಕೇಂದ್ರ ಮೊದಲೇ ನಿಗದಿ ಮಾಡುತ್ತದೆ, ಮೀರಿದ್ದು ರಾಜ್ಯದ ತಲೆಗೆ.

ಅದರಲ್ಲೇ ಇನ್ನೊಂದು ಅಂಶ ಇದೆ. ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಈ ಕೆಲಸ ನಿಲ್ಲಿಸಬೇಕು. ಯಾವ ದಿನಗಳು ಅಂತ ರಾಜ್ಯ ಮೊದಲೇ ತಿಳಿಸಬೇಕು. ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಬೇರೆ ಬೇರೆ ದಿನ ಇಡಲು ಅವಕಾಶ ಇದೆ. ಇದನ್ನು ಕೊಡಗಿಗೆ ಹಾಕಿ ನೋಡಿ. ಅರೇಬಿಕಾ ಹಣ್ಣು ಕುಯ್ಯುವುದು ಹೆಚ್ಚುಕಡಿಮೆ ಡಿಸೆಂಬರ್‌ನಲ್ಲಿ, ರೋಬಸ್ಟಾ ಜನವರಿ–ಫೆಬ್ರುವರಿಯಲ್ಲಿ. ಆಗ ಆಳು ಸಿಗುವುದಿಲ್ಲ ಅನ್ನುವ ಬೆಳೆಗಾರರ ಕಷ್ಟ ನಿಜವೇ. ಆದರೆ ತೋಡಿನ ಹೂಳೆತ್ತುವುದು, ತಡೆಗೋಡೆ, ಕೃಷಿ ಹೊಂಡ, ರಸ್ತೆ ಬದಿಯ ಚರಂಡಿ ಇಂಥ ಕೆಲಸ ಮಾಡಲು ಆಗುವುದೂ ಆ ಒಣ ತಿಂಗಳುಗಳಲ್ಲೇ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮಳೆಯಲ್ಲಿ ಗುಂಡಿ ತೋಡಿದರೆ ಸಂಜೆಗೆ ಅದು ಮುಚ್ಚಿರುತ್ತದೆ. 60 ದಿನವನ್ನು ಪೂರ್ತಿ ಈ ಒಣ ತಿಂಗಳುಗಳಿಂದಲೇ ಕಿತ್ತುಕೊಂಡರೆ 125 ದಿನ ಎಲ್ಲಿಂದ ಬರಬೇಕು? ಕಾಫಿ ಇರುವ ನಾಪೋಕ್ಲು ಕಡೆಗೆ ಒಂದು ಲೆಕ್ಕ, ಜೋಳ, ಶುಂಠಿ ಬೆಳೆಯುವ ಕುಶಾಲನಗರ ಕಡೆಗೆ ಇನ್ನೊಂದು ಲೆಕ್ಕ ಬೇಕು. ಬೆಂಗಳೂರಿನಲ್ಲಿ ಕೂತವರು ಬಯಲುಸೀಮೆಯ ರಾಗಿ ಕೊಯ್ಲು ನೋಡಿ ದಿನ ಇಟ್ಟರೆ ನಮಗೆ ಎರಡೂ ಕಡೆ ನಷ್ಟ.

ಮಲೆನಾಡಿಗೆ ಬೇರೆ ಅಳತೆ ಕೇಳುವುದು ಅತಿಯಾಸೆ ಏನಲ್ಲ. 1993ರ ಮೂಲ ಕಾಯ್ದೆಯಲ್ಲೇ ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನಸಂಖ್ಯೆ ಅಂತ ಇಟ್ಟು, ಕೊಡಗೂ ಸೇರಿ ಕೆಲವು ಜಿಲ್ಲೆಗಳಿಗೆ 2,500 ಇದ್ದರೂ ಸಾಕು ಅಂದಿದ್ದರು. ಬೆಟ್ಟ, ಕಾಡು, ದೂರ ದೂರದ ಮನೆಗಳನ್ನು ಯಾರೋ ಆಗ ಗಮನಿಸಿದ್ದರಿಂದ ಅದು ಸೇರಿತು.

ಈಗಲೂ ಸೇರಿಸಲು ದಾರಿ ಇದೆ. ಪಂಚಾಯತ್ ರಾಜ್ ನಿಯಮಗಳನ್ನು ಅಂತಿಮ ಮಾಡುವ ಮೊದಲು ಕರಡನ್ನು ರಾಜ್ಯಪತ್ರದಲ್ಲಿ ಹಾಕುತ್ತಾರೆ. ಆಕ್ಷೇಪಣೆ, ಸಲಹೆಗೆ ಸಾಮಾನ್ಯವಾಗಿ 15 ಅಥವಾ 30 ದಿನ ಕೊಡುತ್ತಾರೆ. ಎಲ್ಲಿಗೆ ಕಳಿಸಬೇಕು ಅನ್ನುವ ವಿಳಾಸ ಕರಡಿನಲ್ಲೇ ಇರುತ್ತದೆ. ಯಾರು ಬೇಕಾದರೂ ಕನ್ನಡದಲ್ಲೇ ಬರೆಯಬಹುದು, ವಕೀಲರು ಬೇಕಿಲ್ಲ. ಸುಮ್ನೆ ‘ವಿರೋಧವಿದೆ’ ಅಂತ ಬರೆದರೆ ಪ್ರಯೋಜನ ಕಡಿಮೆ. ಇಂಥ ನಿಯಮದ ಇಂಥ ಉಪನಿಯಮ, ನಮ್ಮೂರಿನಲ್ಲಿ ಅದರಿಂದ ಆಗುವ ತೊಂದರೆ ಇದು, ಬದಲಿಗೆ ಹೀಗೆ ಬರೆಯಿರಿ ಅಂತ ಹೇಳಬೇಕು.

ಇನ್ನೂ ಗಟ್ಟಿಯಾಗಬೇಕಾದರೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ. ಕೆಲಸ ನಿಲ್ಲಿಸುವ 60 ದಿನದ ವಿಷಯಕ್ಕೂ ಇದೇ ದಾರಿ. ಮಾತಾಡಿ ಎದ್ದು ಬಂದರೆ ಸಾಲದು. ನಿರ್ಣಯ ನಡವಳಿ ಪುಸ್ತಕದಲ್ಲಿ ಬರೆದಿದೆಯಾ, ನಿಮ್ಮೆದುರೇ ಓದಿಸಿ. ಅದರ ನಕಲು ಕೇಳಿ ಪಡೆಯಿರಿ. ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಜಿಲ್ಲಾ ಪಂಚಾಯಿತಿ ಸಿಇಒಗೆ, ನಿಮ್ಮ ಶಾಸಕರಿಗೆ ಒಂದೊಂದು ಪ್ರತಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಮುಂದಿನ ಸಲ ಪಿಡಿಒ ‘ಆದೇಶ ಬಂದಿಲ್ಲ’ ಅಂದರೆ ಜಗಳ ಬೇಡ. ‘ಕಾಯ್ದೆ ಆಗಿದೆಯಾ, ನಿಯಮ ಬಂದಿದೆಯಾ, ಬಾಕಿ ಇರುವುದು ಸುತ್ತೋಲೆಯಾ, ತಂತ್ರಾಂಶವಾ?’ ಅಂತ ಕೇಳಿ, ಉತ್ತರವನ್ನು ಹಿಂಬರಹದಲ್ಲಿ ಪಡೆಯಿರಿ.