ನಾವೇ ಜೋಡಿಸಿದ ಕಪಾಟು

ಮನೆಗಳ ಒಳಾಂಗಣ ವಿನ್ಯಾಸ ನನ್ನ ಕೆಲಸ. ಹಳೆಯ ಮನೆಯನ್ನು ಹೊಸದಾಗಿಸುವಾಗ ಏನು ಇರಬೇಕು, ಏನು ಹೋಗಬೇಕು ಅಂತ ಮೊದಲು ಕೇಳುತ್ತೇನೆ. ದುಬಾರಿ ಸೋಫಾ ಹೋದರೂ ಪರವಾಗಿಲ್ಲ ಅನ್ನುತ್ತಾರೆ ಮನೆಯವರು. ಮೂಲೆಯ ಐಕಿಯಾ ಕಪಾಟು ತೋರಿಸಿದರೆ ಮಾತ್ರ, "ಅದು ಇರಲಿ, ನಾವೇ ಜೋಡಿಸಿದ್ದು" ಅನ್ನುತ್ತಾರೆ.

ಐಕಿಯಾ ಅಂದರೆ ಪೀಠೋಪಕರಣವನ್ನು ಬಿಡಿಭಾಗಗಳಾಗಿ ಮಾರುವ ಸ್ವೀಡನ್ ಮೂಲದ ಕಂಪನಿ; ಜೋಡಿಸಿಕೊಳ್ಳುವುದು ಕೊಂಡವರ ಕೆಲಸ. ಜನ ಅಲ್ಲಿಗೆ ಹೋಗುವುದು ಬೆಲೆ ಕಮ್ಮಿ ಅಂತಲೇ. ಆದರೆ ಅದರ ಸಾಮಾನಿಗೆ ಮನಸ್ಸು ಅಂಟುವುದು ಈ ಜೋಡಿಸುವ ಕೆಲಸದಿಂದ ಅಂತ ನನ್ನ ನಂಬಿಕೆ.

ಇಂಗ್ವಾರ್ ಕಾಂಪ್ರಾಡ್ ಈ ವ್ಯಾಪಾರ ಶುರು ಮಾಡಿದ್ದು 1943ರಲ್ಲಿ, ಸ್ವೀಡನ್ನಿನ ಸ್ಮಾಲಂಡ್ ಪ್ರಾಂತ್ಯದಲ್ಲಿ. ಆಗ ಅವರಿಗೆ 17 ವರ್ಷ. ಪೀಠೋಪಕರಣ ಬಂದದ್ದು 1948ರಲ್ಲಿ. ಅಲ್ಲಿನ ವಿನ್ಯಾಸಕಾರ ಗಿಲ್ಲಿಸ್ ಲುಂಡ್‌ಗ್ರೆನ್ ಒಮ್ಮೆ ಮೇಜೊಂದು ಕಾರಿನೊಳಗೆ ಹಿಡಿಯಲಿಲ್ಲ ಅಂತ ಅದರ ಕಾಲು ಬಿಚ್ಚಿದರಂತೆ. 1956ರಿಂದ ಬಿಡಿಭಾಗಗಳನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಮಾರುವ ಪದ್ಧತಿ ಬಂತು. ಸಾಗಣೆ ಖರ್ಚು ಇಳಿಯಿತು, ಗೋದಾಮಿನಲ್ಲಿ ಜಾಗ ಉಳಿಯಿತು. ಕೊನೆಯ ಕೆಲಸ ಕೊಂಡವರ ಪಾಲಿಗೆ ಬಂತು. ಐಕಿಯಾದ ಹೆಸರಾಂತ ಪುಸ್ತಕದ ಕಪಾಟು, 1979ರ 'ಬಿಲ್ಲಿ' ಕೂಡ ಲುಂಡ್‌ಗ್ರೆನ್ ಅವರದೇ.

ಕೆಲಸ ಮಾಡಿಸಿದರೆ ಗಿರಾಕಿ ಬೇಸರಪಡಬೇಕು, ಅಲ್ವಾ? ಸಂಶೋಧಕ ಮೈಕೆಲ್ ನಾರ್ಟನ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಕಂಡದ್ದು ಬೇರೆ. ತಾವೇ ಜೋಡಿಸಿದ ಐಕಿಯಾ ಡಬ್ಬಕ್ಕೆ ಜನ ಜಾಸ್ತಿ ಬೆಲೆ ಕೊಡಲು ಒಪ್ಪಿದರು. ಇದಕ್ಕೆ 'ಐಕಿಯಾ ಪರಿಣಾಮ' ಅಂತಲೇ ಹೆಸರಾಯಿತು. ಅದರಲ್ಲೇ ಇನ್ನೊಂದು ಮಾತಿದೆ, ನನಗೆ ಅದೇ ಮುಖ್ಯ: ಕೆಲಸ ಅರ್ಧಕ್ಕೆ ನಿಂತರೆ ಆ ಪ್ರೀತಿ ಹುಟ್ಟುವುದಿಲ್ಲ. ಹಾಗಾಗಿ ಪೆಟ್ಟಿಗೆಯಲ್ಲಿ ಬರುವ, ಜೋಡಿಸುವ ರೀತಿ ತೋರಿಸುವ ಮಾತೇ ಇಲ್ಲದ ಚಿತ್ರಗಳ ಹಾಳೆ, ಜೊತೆಗೆ ಸ್ಕ್ರೂ ಬಿಗಿಯುವ ಪುಟ್ಟ ಬಾಗಿದ ಸಲಾಕೆ 'ಅಲೆನ್ ಕೀ' ಸಣ್ಣ ವಿಷಯವಲ್ಲ. ಯಾವ ಭಾಷೆಯವರಾದರೂ, ಬಡಗಿ ಕೆಲಸ ಗೊತ್ತಿಲ್ಲದವರಾದರೂ ಮುಗಿಸಬಹುದು.

ಎಲ್ಲವೂ ಚೆನ್ನ ಅಂತ ನಾನು ಹೇಳುವುದಿಲ್ಲ. ಮರದ ಪುಡಿ ಒತ್ತಿ ಮಾಡಿದ ಹಲಗೆಯನ್ನು ಪದೇ ಪದೇ ಬಿಚ್ಚಿ ಕಟ್ಟಿದರೆ ಸ್ಕ್ರೂ ತೂತು ಸಡಿಲವಾಗುತ್ತದೆ. ನೀರು ತಾಗಿದರೆ ಉಬ್ಬುತ್ತದೆ. ಎತ್ತರದ ಕಪಾಟನ್ನಂತೂ ಗೋಡೆಗೆ ಬಿಗಿಯಲೇಬೇಕು. ಮಕ್ಕಳಿರುವ ಮನೆಯಲ್ಲಿ ಇದನ್ನು ನಾನೇ ನಿಂತು ಮಾಡಿಸುತ್ತೇನೆ.

ಈಗ ನನ್ನ ಕೆಲಸದ ರೀತಿಯೂ ಬದಲಾಗಿದೆ. ಮನೆ ಒಪ್ಪಿಸುವ ದಿನ ಒಂದು ಸಣ್ಣ ಕಪಾಟನ್ನು ಜೋಡಿಸದೆ ಬಿಡುತ್ತೇನೆ. ಹಲಗೆ, ಸ್ಕ್ರೂ ಎಲ್ಲ ಎಣಿಸಿ ಇಟ್ಟು, ಮನೆಯವರ ಕೈಗೆ ಅಲೆನ್ ಕೀ ಕೊಟ್ಟು ಪಕ್ಕದಲ್ಲಿ ಕೂರುತ್ತೇನೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.