ಎದೆಯ ಮೇಲೊಂದು ಕೈಪಂಪು

ಯಾರಾದರೂ ಕುಸಿದು ಬಿದ್ದರೆ ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ, ಇನ್ನೊಬ್ಬರು ಕೈಗೆ ಬೀಗದ ಕೈ ತುರುಕುತ್ತಾರೆ, ಮತ್ತೊಬ್ಬರು ಈರುಳ್ಳಿ ಹುಡುಕಿಕೊಂಡು ಓಡುತ್ತಾರೆ. ಉಳಿದವರು ‘ಗಾಳಿ ಬಿಡಿ, ಗಾಳಿ ಬಿಡಿ’ ಎಂದು ಕೂಗುತ್ತಾ ಸುತ್ತ ಮುತ್ತಿಕೊಂಡಿರುತ್ತಾರೆ. ಎದೆ ಮುಟ್ಟುವವರು ಮಾತ್ರ ಯಾರೂ ಇಲ್ಲ. ವಾಟ್ಸಾಪ್‌ನಲ್ಲಿ ‘ಜೋರಾಗಿ ಕೆಮ್ಮಿ, ಹೃದಯ ಉಳಿಸಿಕೊಳ್ಳಿ’ ಅಂತ ಬರುತ್ತದಲ್ಲ, ಅದಂತೂ ಶುದ್ಧ ತಮಾಷೆ. ಹೃದಯ ನಿಂತರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಕೆಮ್ಮುವವರು ಯಾರು?

ಸಿಪಿಆರ್, ಅಂದರೆ ಕುಸಿದವರ ಎದೆಯನ್ನು ಕೈಯಿಂದ ಒತ್ತಿ ಒತ್ತಿ ರಕ್ತ ಹರಿಸುವುದು, ಮಾಡಿದರೆ ನಿಂತ ಹೃದಯ ಮತ್ತೆ ಶುರುವಾಗುತ್ತದೆ ಎಂದುಕೊಂಡವರೇ ಜಾಸ್ತಿ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಲಯ ತಪ್ಪಿ ಸುಮ್ನೆ ನಡುಗುತ್ತಿರುವ ಹೃದಯವನ್ನು ಸರಿ ಮಾಡುವುದು ವಿದ್ಯುತ್ ಷಾಕ್. ನಮ್ಮ ಕೈ ಮಾಡುವುದು ಪಂಪಿನ ಕೆಲಸ, ಷಾಕ್ ಕೊಡುವ ಯಂತ್ರ ಬರುವವರೆಗೆ.

ಹಳ್ಳಿಯ ಬೋರ್‌ವೆಲ್ ಕೈಪಂಪು ಒತ್ತಿದ್ದೀರಾ? ಮೊದಲ ಹತ್ತು ಸಲ ಒತ್ತಿದರೂ ಬರೀ ಗೊರಗೊರ ಸದ್ದು, ಆಮೇಲೆ ನೀರು. ಕೆಲವು ಪಂಪುಗಳಲ್ಲಿ ನಡುವೆ ಕೈ ಬಿಟ್ಟರೆ ನೀರು ಕೆಳಗಿಳಿದು ಮತ್ತೆ ಮೊದಲಿನಿಂದ ಒತ್ತಬೇಕು. ಎದೆಯದೂ ಇದೇ ಕತೆ. ಒಂದೇ ಸಮನೆ ಒತ್ತಿದಾಗ ರಕ್ತದೊತ್ತಡ ನಿಧಾನವಾಗಿ ಏರುತ್ತದೆ, ‘ಉಸಿರಾಡ್ತಿದ್ದಾರಾ ನೋಡೋಣ’ ಅಂತ ನಿಲ್ಲಿಸಿದರೆ ದಬಕ್ಕನೆ ಬೀಳುತ್ತದೆ. ಇನ್ನೊಂದು ವಿಷಯ, ನನಗೆ ಬಹಳ ಇಷ್ಟವಾದದ್ದು: ಒತ್ತುವುದರಷ್ಟೇ ಬಿಡುವುದೂ ಮುಖ್ಯ. ಸೈಕಲ್ ಪಂಪಿನ ಹಿಡಿಯನ್ನು ಪೂರ್ತಿ ಮೇಲೆತ್ತದೆ ಎಷ್ಟು ಅದುಮಿದರೂ ಟ್ಯೂಬಿಗೆ ಗಾಳಿ ಹೋಗುವುದಿಲ್ಲ, ಅಲ್ವಾ? ಹಾಗೇ ಎದೆ ಪೂರ್ತಿ ಮೇಲೆದ್ದಾಗಲೇ ಹೃದಯದೊಳಗೆ ರಕ್ತ ತುಂಬುತ್ತದೆ, ಹೃದಯದ ಸ್ವಂತ ರಕ್ತನಾಳಗಳಿಗೂ ಆಗಲೇ ರಕ್ತ ಸಿಗುತ್ತದೆ. ಸುಸ್ತಾಗಿ ಎದೆಯ ಮೇಲೆ ಭಾರ ಬಿಟ್ಟು ಕೂತರೆ ಶ್ರಮ ವ್ಯರ್ಥ.

ಎದೆ ಒತ್ತಿದರೆ ರಕ್ತದೊತ್ತಡ ಏರುತ್ತದೆ ಅಂತ ಇವರಿಗೆ ಗೊತ್ತಾಗಿದ್ದು ಒಂದು ನಾಯಿಯಿಂದ. 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಗೈ ನಿಕರ್‌ಬಾಕರ್ ಷಾಕ್ ಕೊಡುವ ಭಾರದ ಪ್ಯಾಡಲ್‌ಗಳನ್ನು ನಾಯಿಯ ಎದೆಗೆ ಒತ್ತಿ ಹಿಡಿದಾಗ, ಕರೆಂಟ್ ಹರಿಸುವ ಮೊದಲೇ ರಕ್ತದೊತ್ತಡ ಏರಿದ್ದನ್ನು ಗಮನಿಸಿದರು. ಅವರ ಗುರು ಕೌವೆನ್‌ಹೋವೆನ್ ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್! ಸರ್ಜನ್ ಜೇಮ್ಸ್ ಜೂಡ್ ಜೊತೆ ಸೇರಿ 1960ರಲ್ಲಿ ಅವರು ಲೇಖನ ಪ್ರಕಟಿಸಿದರು, ಎರಡು ಕೈ ಇದ್ದರೆ ಸಾಕು ಎಂದು ಅದರಲ್ಲೇ ಬರೆದಿದ್ದರು. ಅದೇ ಹೊತ್ತಿಗೆ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್ ಕಲಿಯಲು ಬೊಂಬೆ ಮಾಡಿದರು. ಇವತ್ತಿಗೂ ತರಬೇತಿಯಲ್ಲಿ ಬಳಸುವುದು ಅದರ ತಂಗಿಯರನ್ನೇ.

ಡೆನ್ಮಾರ್ಕ್ ಇದನ್ನು ಜನರಿಗೇ ಕಲಿಸಿತು. 2005ರಲ್ಲಿ ಶಾಲೆಗಳಲ್ಲಿ ಕಡ್ಡಾಯ, 2006ರಿಂದ ಡ್ರೈವಿಂಗ್ ಲೈಸೆನ್ಸ್‌ಗೂ ಕಡ್ಡಾಯ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಿಗೆ ಅಕ್ಕಪಕ್ಕದವರೇ ಎದೆ ಒತ್ತುವುದು 2001ರಲ್ಲಿ ಸುಮಾರು 21% ಇತ್ತು, 2010ಕ್ಕೆ 45% ಆಯಿತು. 30 ದಿನದ ನಂತರವೂ ಬದುಕಿದ್ದವರು 3.5%ರಿಂದ 10.8%ಕ್ಕೆ ಏರಿದರು. ಆಂಬುಲೆನ್ಸ್, ಆಸ್ಪತ್ರೆಗಳೂ ಸುಧಾರಿಸಿದ್ದವು, ಎಲ್ಲ ಪುಣ್ಯ ಕೈಗಳದ್ದೇ ಅಂತ ನಾನು ಹೇಳುವುದಿಲ್ಲ. ಆದರೂ ನಮ್ಮಲ್ಲಿ ಲೈಸೆನ್ಸ್‌ಗೆ ಎಂಟು ಹಾಕಿಸುವವರು ಅರ್ಧ ಗಂಟೆ ಬೊಂಬೆಯ ಎದೆಯನ್ನೂ ಒತ್ತಿಸಬಾರದೇ?

ಅಲುಗಾಡಿಸಿದರೂ ಎಚ್ಚರವಿಲ್ಲ, ಉಸಿರಿಲ್ಲ ಅಥವಾ ಮೀನಿನಂತೆ ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಎಳೆಯುತ್ತಿದ್ದಾರೆ ಅಂದರೆ (ಇದನ್ನೇ ಜನ ಉಸಿರು ಅಂದುಕೊಂಡು ಮೋಸಹೋಗುವುದು) 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಅಂಗೈ ಬುಡ ಊರಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪಕ್ಕೆಲುಬು ಮುರಿಯಬಹುದು, ಮುರಿದದ್ದು ಕೂಡಿಕೊಳ್ಳುತ್ತದೆ. ಎರಡು ನಿಮಿಷಕ್ಕೆ ನಿಮ್ಮ ಕೈ ಸೋಲುತ್ತದೆ. ಆಗ ‘ಗಾಳಿ ಬಿಡಿ’ ಅಂತ ಕೂಗುತ್ತಿದ್ದವರನ್ನು ಕರೆದು ನಿಮ್ಮ ಜಾಗದಲ್ಲಿ ಕೂರಿಸಿ.